ಟ್ರಿಗರ್ ಫಿಂಗರ್‌ಗೆ ಸ್ಪ್ಲಿಂಟ್, ಇಂಜೆಕ್ಷನ್, ಆಪರೇಷನ್: ನನ್ನ ಬೆರಳು ಕಂಡ ಮೂರು ದಾರಿ

ಮಡಚಿದ ಬೆರಳು ಬಿಚ್ಚಿಕೊಳ್ಳುವುದೇ ಇಲ್ಲ. ಇನ್ನೊಂದು ಕೈಯಿಂದ ಎಳೆದರೆ ಟಕ್ ಅಂತ ನೆಟ್ಟಗಾಗುತ್ತದೆ, ಜೀವ ಹೋದಷ್ಟು ನೋವು. ಬೆರಳಿನ ನಡುಗೆಣ್ಣಿನಲ್ಲಿ ನೋವು ಕಂಡರೂ ತೊಂದರೆ ಇರುವುದು ಅಂಗೈಯಲ್ಲಿ. ಬೆರಳಿನ ಬುಡದಲ್ಲಿ ಒಂದು ಬಿಗಿಯಾದ ಪಟ್ಟಿ ಇದೆ. ಬೆರಳು ಮಡಚುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ, ಅದರೊಳಗಿಂದ ಜಾರಬೇಕು. ಪಟ್ಟಿ ದಪ್ಪವಾದರೆ ಟೆಂಡನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನಾನು ಮೊದಲು ಹಾಕಿಕೊಂಡಿದ್ದು ಸ್ಪ್ಲಿಂಟ್, ಅಂದರೆ ಬೆರಳು ಮಡಚದಂತೆ ಹಿಡಿದಿಡುವ ಆಸರೆ. ಸಾಮಾನ್ಯವಾಗಿ 6ರಿಂದ 10 ವಾರ ಹಾಕಲು ಹೇಳುತ್ತಾರೆ. ಬೆಳಗಿನ ಬಿಗಿತ ಕಡಿಮೆಯಾಯಿತು, ಆದರೆ ಹಗಲು ಸಿಕ್ಕಿಕೊಳ್ಳುವುದು ನಿಲ್ಲಲಿಲ್ಲ. ತೊಂದರೆ ಈಗಷ್ಟೇ ಶುರುವಾಗಿದ್ದರೆ ಇದು ಒಳ್ಳೆಯದು, ಅಪಾಯವೂ ಇಲ್ಲ. ಬೆರಳು ಪದೇ ಪದೇ ಲಾಕ್ ಆಗುತ್ತಿದ್ದರೆ ಇದೊಂದನ್ನೇ ನಂಬಿ ಕೂರಬೇಡಿ.

ಆಮೇಲೆ ಸ್ಟೀರಾಯ್ಡ್ ಇಂಜೆಕ್ಷನ್. ಅಂಗೈಗೆ ಸೂಜಿ ಅಂದರೆ ಭಯ ಸಹಜ ಅಲ್ವಾ? ಉರಿ ಕೆಲವೇ ಕ್ಷಣ. ಪರಿಣಾಮ ಮಾತ್ರ ನಿಧಾನ, ಕೆಲವು ದಿನ ಕಾಯಬೇಕು. ನನಗೆ ತಿಂಗಳುಗಟ್ಟಲೆ ಆರಾಮ ಸಿಕ್ಕಿತು, ಆಮೇಲೆ ಮತ್ತೆ ಬಂತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಇದರಿಂದ ಗುಣ ಕಾಣುತ್ತದೆ, ಹಾಗಾಗಿ ಆಪರೇಷನ್‌ಗೆ ಮೊದಲು ಇದನ್ನು ನೋಡುವುದೇ ಸರಿ ಅನ್ನುತ್ತೇನೆ. ಆದರೆ ಶುಗರ್ ಇರುವವರಿಗೆ ಫಲ ಕಡಿಮೆ, ಜೊತೆಗೆ ಕೆಲವು ದಿನ ಶುಗರ್ ಏರುತ್ತದೆ. ಅಂಥವರು ಮೊದಲೇ ಡಾಕ್ಟರಿಗೆ ಹೇಳಿ, ಆ ದಿನಗಳಲ್ಲಿ ಶುಗರ್ ನೋಡಿಕೊಳ್ಳುತ್ತಿರಿ. ಚುಚ್ಚಿದ ಜಾಗದಲ್ಲಿ ಕೆಲವರಿಗೆ ಚರ್ಮ ಬಿಳಿಚಿಕೊಳ್ಳುವುದೂ ಉಂಟು. ಒಂದೇ ಬೆರಳಿಗೆ ಎರಡು ಮೂರಕ್ಕಿಂತ ಜಾಸ್ತಿ ಸಾಮಾನ್ಯವಾಗಿ ಕೊಡುವುದಿಲ್ಲ. ಅಪರೂಪಕ್ಕೆ ಟೆಂಡನ್ನೇ ಹರಿಯಬಹುದು.

ಕೊನೆಗೆ ಆಪರೇಷನ್. ಅಂಗೈ ಮಾತ್ರ ಮರಗಟ್ಟಿಸಿ, ಒಂದೂವರೆ ಸೆಂಟಿಮೀಟರಿನಷ್ಟು ಕೊಯ್ದು ಆ ಪಟ್ಟಿಯನ್ನು ಬಿಡಿಸುತ್ತಾರೆ. ಎಚ್ಚರವಾಗಿಯೇ ಇದ್ದೆ. ನಡುವೆ ಡಾಕ್ಟರ್ "ಬೆರಳು ಮಡಚಿ, ಬಿಡಿಸಿ" ಅಂದರು. ಸದ್ದಿಲ್ಲದೆ ಜಾರಿತು. ಸಂತೋಷಕ್ಕೆ ಮತ್ತೆ ಮತ್ತೆ ಮಡಚಿದೆ. ಸಿಕ್ಕಿಕೊಳ್ಳುವುದು ಮತ್ತೆ ಬರುವುದು ತುಂಬಾ ಕಡಿಮೆ. ಹಾಗಂತ ಮಾರನೇ ದಿನವೇ ಎಲ್ಲ ಸರಿಹೋಗುವುದಿಲ್ಲ. ಸುಮಾರು ಎರಡು ವಾರಕ್ಕೆ ಹೊಲಿಗೆ ತೆಗೆಯುತ್ತಾರೆ, ಗಾಯದ ಜಾಗ ಇನ್ನೂ ಕೆಲವು ವಾರ ಒತ್ತಿದರೆ ನೋಯುತ್ತದೆ. ಕೈ ಊರಿ ಏಳುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ. ಸೋಂಕು, ನರಕ್ಕೆ ಪೆಟ್ಟು ಅಪರೂಪ, ಆದರೂ ಕೇಳಿ ತಿಳಿದುಕೊಳ್ಳಿ. ಕೊಯ್ಯದೆ ಸೂಜಿಯಿಂದಲೇ ಪಟ್ಟಿ ಬಿಡಿಸುವ ವಿಧಾನವೂ ಇದೆ, ಅದನ್ನು ನಾನು ಮಾಡಿಸಿಲ್ಲ. ಹೆಬ್ಬೆರಳಿನಲ್ಲಿ ನರ ತೀರಾ ಹತ್ತಿರ ಇರುವುದರಿಂದ ಅಲ್ಲಿ ಹೆಚ್ಚು ಎಚ್ಚರ ಬೇಕು.

ಇನ್ನೊಂದು ಕೈಯಿಂದ ಎಳೆದರೂ ಬೆರಳು ಪೂರ್ತಿ ನೆಟ್ಟಗಾಗದಿದ್ದರೆ ಸುಮ್ನೆ ಕಾಯಬೇಡಿ. ಬಗ್ಗಿದ ಸ್ಥಿತಿಯಲ್ಲೇ ತುಂಬಾ ದಿನ ಬಿಟ್ಟರೆ ನಡುಗೆಣ್ಣು ಬಿಗಿದುಕೊಳ್ಳುತ್ತದೆ. ಆಮೇಲೆ ಪಟ್ಟಿ ಬಿಡಿಸಿದರೂ ಬೆರಳು ಪೂರ್ತಿ ನೆಟ್ಟಗಾಗದೇ ಹೋಗಬಹುದು.