ಬಾಡಿಗೆ ಹಾಯಿದೋಣಿ ಹತ್ತುವ ಮೊದಲು ವಿಂಚ್ ತಿರುಗಿಸಿ ನೋಡಿ

ಇಂಗ್ಲೆಂಡಿನ ಸೌತಾಂಪ್ಟನ್ ಕಡೆ ಬೇಸಿಗೆಯಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿಯುವವರು ಇದನ್ನೊಮ್ಮೆ ಓದಿ. ದೋಣಿ ಕೊಡುವವರು ಎಂಜಿನ್ ತೋರಿಸುತ್ತಾರೆ, ಗ್ಯಾಸ್ ತೋರಿಸುತ್ತಾರೆ, ಟಾಯ್ಲೆಟ್ ಪಂಪ್ ಹೊಡೆಯುವುದನ್ನಂತೂ ಎರಡೆರಡು ಸಲ ಹೇಳಿಕೊಡುತ್ತಾರೆ. ವಿಂಚ್ ಬಗ್ಗೆ, ಅಂದರೆ ಹಾಯಿಯ ಹಗ್ಗ ಸುತ್ತಿ ಹ್ಯಾಂಡಲ್ ತಿರುಗಿಸಿ ಬಿಗಿಯುವ ಉರುಳೆಯ ಬಗ್ಗೆ, ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಗೆಳೆಯನ ಕೈ ಮುರಿದದ್ದು ಅಲ್ಲೇ.

ಹಳೇ ದೋಣಿ, 34 ಅಡಿ. ಅಲ್ಲಿನ ಸೋಲೆಂಟ್ ಜಲಸಂಧಿಯಲ್ಲಿ ಇಳಿತದ ನೀರು ಪಶ್ಚಿಮಕ್ಕೆ ಹರಿಯುತ್ತಿತ್ತು, ನೈಋತ್ಯದ ಗಾಳಿ ಅದಕ್ಕೆ ಎದುರಾಗಿ ಬೀಸುತ್ತಿತ್ತು. ಹೀಗಾದಾಗ ಅಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಗಾಳಿ ಫೋರ್ಸ್ 5, ಅಂದರೆ 17ರಿಂದ 21 ನಾಟ್ (ಗಂಟೆಗೆ ಸುಮಾರು 31ರಿಂದ 39 ಕಿ.ಮೀ.). ಮುಂದಿನ ಹಾಯಿಯನ್ನು ಮೊದಲೇ ಸ್ವಲ್ಪ ಸುತ್ತಿ ಚಿಕ್ಕದು ಮಾಡಿದ್ದೆವು. ಕೌಸ್ ಊರಿನ ಹತ್ತಿರ ದಿಕ್ಕು ಬದಲಿಸಿ, ಆ ಹಾಯಿಯ ಹಗ್ಗವನ್ನು ಬಿಗಿಯುತ್ತಿದ್ದೆವು. ಗೆಳೆಯ ಹ್ಯಾಂಡಲ್ ತಿರುಗಿಸುತ್ತಿದ್ದ. ಇನ್ನೇನು ಸಾಕು ಅನ್ನುವಷ್ಟರಲ್ಲಿ ಒಳಗೆ 'ಕರಕ್' ಅಂತ ಸದ್ದಾಯಿತು. ಹ್ಯಾಂಡಲ್ ಕೈ ತಪ್ಪಿ ಉಲ್ಟಾ ತಿರುಗಿ ಮುಂಗೈಗೆ ರಪ್ಪನೆ ಬಡಿಯಿತು. ಮಣಿಕಟ್ಟಿನ ಮೇಲೆ ಮೂಳೆ ಬಿರುಕು ಬಿಟ್ಟಿತ್ತು, ಪ್ಲಾಸ್ಟರ್ ಹಾಕಿದರು.

ದೋಣಿಯವರು ಹೇಳಿದ್ದು ಒಂದೇ ಮಾತು: "ನೀವು ಜಾಸ್ತಿ ಲೋಡ್ ಕೊಟ್ಟಿದ್ದೀರಿ." ಠೇವಣಿಯಲ್ಲೂ ದುಡ್ಡು ಹಿಡಿದುಕೊಂಡರು.

ಆದರೆ ಮೆಕ್ಯಾನಿಕ್ ವಿಂಚ್ ಬಿಚ್ಚುವಾಗ ನಾವು ಪಕ್ಕದಲ್ಲೇ ನಿಂತಿದ್ದೆವು. ವಿಂಚ್ ಒಳಗೆ ಬೆರಳುಗುರಿನಷ್ಟು ಚಿಕ್ಕ ಲೋಹದ ಚೂರುಗಳಿರುತ್ತವೆ, ಪಾಲ್ ಅನ್ನುತ್ತಾರೆ. ಪ್ರತಿಯೊಂದರ ಹಿಂದೆ ಒಂದು ಸಣ್ಣ ಸ್ಪ್ರಿಂಗ್. ಸೈಕಲ್ಲಿನ ಫ್ರೀವೀಲ್‌ನಲ್ಲಿ ಟಿಕ್ ಟಿಕ್ ಅನ್ನುತ್ತದಲ್ಲ, ಅದೇ ಕೆಲಸ ಇವುಗಳದ್ದು. ಒಂದು ಕಡೆಗೆ ಬಿಡುತ್ತವೆ, ಇನ್ನೊಂದು ಕಡೆಗೆ ತಡೆಯುತ್ತವೆ. ಹಾಯಿಯ ಇಡೀ ಎಳೆತ ಕೊನೆಗೆ ನಿಲ್ಲುವುದು ಈ ಚೂರುಗಳ ಮೇಲೆ. ನಮ್ಮ ವಿಂಚ್‌ನಲ್ಲಿ ಯಾರೋ ಪುಣ್ಯಾತ್ಮ ಪಾಲ್‌ಗಳಿಗೂ ದಪ್ಪಗೆ ಗ್ರೀಸ್ ಮೆತ್ತಿದ್ದ. ಅದು ಉಪ್ಪು ಸೇರಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಒಂದು ಪಾಲ್ ಅನ್ನು ಬೆರಳಿನಿಂದ ಒಳಕ್ಕೆ ಒತ್ತಿದೆ. ಒತ್ತಿದಲ್ಲೇ ಕೂತಿತು, ಸ್ಪ್ರಿಂಗ್ ಇದ್ದೂ ಹೊರಗೆ ಬರಲೇ ಇಲ್ಲ. ಅದರ ಫೋಟೊ, ವಿಡಿಯೊ ಎರಡೂ ತೆಗೆದುಕೊಂಡೆ.

ಇದನ್ನು ಕಂಡುಹಿಡಿಯಲು ವಿಂಚ್ ಬಿಚ್ಚಬೇಕಾಗಿಲ್ಲ. ಸಹಿ ಹಾಕುವ ಮೊದಲು, ಹಗ್ಗ ಸುತ್ತದೆ, ಡ್ರಮ್ ಅನ್ನು (ಹಗ್ಗ ಸುತ್ತುವ ಉರುಳೆಯನ್ನು) ಕೈಯಿಂದ ಗಡಿಯಾರದ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಟಿಕ್ ಟಿಕ್ ಸದ್ದು ಚುರುಕಾಗಿ, ಒಂದೇ ಸಮ ಬರಬೇಕು. ಸದ್ದು ಮಂಕಾಗಿದ್ದರೆ, ನಡುನಡುವೆ ತಪ್ಪಿದರೆ, ಅನುಮಾನಪಡಿ. ಆಮೇಲೆ ಜೋರಾಗಿ ಹಿಂದಕ್ಕೆ ತಿರುಗಿಸಿ ನೋಡಿ. ಪಾಲ್ ಹಿಡಿಯುವಷ್ಟು ಸಣ್ಣ ಅಲುಗಾಟ ಬಿಟ್ಟರೆ ಹಿಂದೆ ಹೋಗಕೂಡದು. ಎರಡು ಸ್ಪೀಡಿನ ವಿಂಚ್ ಆದರೆ ಹಗ್ಗ ಸುತ್ತಿ, ಒಬ್ಬರು ತುದಿ ಹಿಡಿದು ಎಳೆಯುತ್ತಿರುವಾಗ ಹ್ಯಾಂಡಲ್ ಅನ್ನು ಎರಡೂ ಕಡೆಗೆ ತಿರುಗಿಸಿ. ಹ್ಯಾಂಡಲ್ ಯಾವ ಕಡೆ ಹೋದರೂ ಡ್ರಮ್ ಮಾತ್ರ ಗಡಿಯಾರದ ದಿಕ್ಕಿಗೇ ತಿರುಗಬೇಕು. ಇಷ್ಟಕ್ಕೆಲ್ಲ ಐದು ನಿಮಿಷ ಸಾಕು. "ಅದೆಲ್ಲ ಸರಿ ಇದೆ ಬಿಡಿ" ಅಂದರೆ ಒಪ್ಪಬೇಡಿ. ದೋಷ ಕಂಡರೆ ಹಸ್ತಾಂತರದ ಹಾಳೆಯಲ್ಲೇ ಬರೆಸಿ.

ಸ್ವಂತ ದೋಣಿ ಇರುವವರು ಗ್ರೀಸ್ ಡಬ್ಬಿ ಸ್ವಲ್ಪ ದೂರ ಇಡಿ. ಗೇರ್, ಬೇರಿಂಗ್‌ಗೆ ತೆಳ್ಳಗೆ ಗ್ರೀಸ್, ಪಾಲ್‌ಗೆ ಮತ್ತು ಅದರ ಸ್ಪ್ರಿಂಗ್‌ಗೆ ತೆಳು ಎಣ್ಣೆ ಮಾತ್ರ. ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಬಿಚ್ಚುವಾಗ ರಟ್ಟಿನ ಡಬ್ಬಿಯ ತಳಕ್ಕೆ ತೂತು ಮಾಡಿ ವಿಂಚ್ ಸುತ್ತ ಕೂರಿಸಿ, ಇಲ್ಲದಿದ್ದರೆ ಸ್ಪ್ರಿಂಗ್ ಚಿಮ್ಮಿ ಸೀದಾ ನೀರಿಗೆ. ಸ್ಪ್ರಿಂಗ್ ಬೆಲೆ ಜುಜುಬಿ. ಆದರೆ ಅದೇ ಅಳತೆಯದ್ದು ಭಾನುವಾರ ಎಲ್ಲಿ ಹುಡುಕುತ್ತೀರಿ?

ಹ್ಯಾಂಡಲ್ ಅನ್ನು ಕೆಲಸ ಮುಗಿದ ತಕ್ಷಣ ತೆಗೆದಿಡಿ. ಲೋಡ್ ಇರುವಾಗ ಮುಖವನ್ನು ಅದು ತಿರುಗುವ ದಾರಿಗೆ ಸಿಗುವಂತೆ ಬಗ್ಗಿಸಬೇಡಿ. ನಮ್ಮವನಿಗೆ ಏಟು ಬಿದ್ದದ್ದು ಕೈಗೆ, ಹಲ್ಲಿಗಲ್ಲ. ಅಷ್ಟು ಅದೃಷ್ಟ.

ವಿಡಿಯೊ ಕಳಿಸಿದ ಮೇಲೆ ದೋಣಿಯವರು ಠೇವಣಿಯಲ್ಲಿ ಹಿಡಿದದ್ದರ ಅರ್ಧ ವಾಪಸ್ ಹಾಕಿದ್ದಾರೆ. ಉಳಿದರ್ಧಕ್ಕೆ ಈಮೇಲ್ ಜಗಳ ಇನ್ನೂ ನಡೆದಿದೆ.