ಹಳೆಯ ಆಟಿಕೆ ಗೊಂಬೆಗಳ ನ್ಯಾಯಬೆಲೆ: ಇಬೇಯ ‘ಮಾರಾಟವಾದವು’ ಫಿಲ್ಟರ್ ಎಷ್ಟು ನೆರವಾಗುತ್ತದೆ?

ಸಂಗ್ರಹಕ್ಕೆಂದು ಹಳೆಯ ಆಟಿಕೆ ಗೊಂಬೆಗಳನ್ನು ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಇಬೇ ಎಂಬ ಮಾರಾಟ ಜಾಲತಾಣದಲ್ಲಿರುವ ಅತ್ಯಂತ ಉಪಯುಕ್ತ ಸೌಲಭ್ಯವೆಂದರೆ, ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಫಿಲ್ಟರ್. ಮಾರುವವರು ಹೇಳುವ ಬೆಲೆ ಅವರ ಆಸೆಯನ್ನು ಮಾತ್ರ ತಿಳಿಸುತ್ತದೆ. ಯಾರೋ ನಿಜವಾಗಿ ತೆತ್ತ ಹಣವನ್ನು ತಿಳಿಯಲು ಇದೇ ಬೇಕು. ಆದರೆ ಚೌಕಾಸಿಯಲ್ಲಿ ಕುದುರಿದ ವ್ಯಾಪಾರಗಳಲ್ಲಿ ಮೂಲ ಬೆಲೆಯ ಮೇಲೆ ಗೆರೆ ಎಳೆದಿರುತ್ತದೆಯೇ ಹೊರತು ಒಪ್ಪಿದ ಮೊತ್ತ ಕಾಣಿಸುವುದಿಲ್ಲವಾದ್ದರಿಂದ, ಅಂಥವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೆಲೆಗಿಂತ ಸ್ಥಿತಿಯನ್ನು ಹೋಲಿಸುವುದೇ ಕಷ್ಟ. ಹ್ಯಾಸ್‌ಬ್ರೊ ಎಂಬ ಆಟಿಕೆ ಕಂಪನಿ 1982ರಲ್ಲಿ ತಂದ ಮೂರೂಮುಕ್ಕಾಲು ಇಂಚಿನ ಜಿ.ಐ. ಜೋ ಸೈನಿಕ ಗೊಂಬೆಗಳನ್ನೇ ನೋಡಿ: ಮುಂಡವನ್ನೂ ಕಾಲುಗಳನ್ನೂ ಹಿಡಿದಿಡುವ ಒಳಗಿನ ರಬ್ಬರ್ ಬಳೆ ಹರಿದಿದ್ದರೆ ಸುಲಭವಾಗಿ ಬದಲಿಸಬಹುದು, ಹೆಬ್ಬೆರಳು ಮುರಿದಿದ್ದರೆ ಮಾತ್ರ ಕೈಯಲ್ಲಿ ಬಂದೂಕೂ ನಿಲ್ಲುವುದಿಲ್ಲ, ಬೆಲೆಯೂ ನಿಲ್ಲುವುದಿಲ್ಲ. ನಾನೊಮ್ಮೆ ಮಬ್ಬು ಚಿತ್ರವನ್ನು ನಂಬಿ ಕೊಂಡ ಗೊಂಬೆಯಲ್ಲಿ ಹೆಬ್ಬೆರಳಿನ ಜಾಗದಲ್ಲಿ ಸಾಸಿವೆಕಾಳಿನಷ್ಟು ಮೊಂಡು ತುಂಡಷ್ಟೇ ಉಳಿದಿತ್ತು. ಮೈಮೇಲೆ ಅಚ್ಚಾದ ಇಸವಿಯೂ ಹಕ್ಕುಸ್ವಾಮ್ಯದ್ದು. ಅದು ತಯಾರಾದ ವರ್ಷವೇ ಆಗಿರಬೇಕೆಂದಿಲ್ಲ. ಬಿಡಿ ಗೊಂಬೆ, ಎಲ್ಲ ಪರಿಕರಗಳೊಂದಿಗಿನ ಗೊಂಬೆ, ಪೊಟ್ಟಣ ಒಡೆಯದ ಗೊಂಬೆ ಇವು ಮೂರೂ ಬೇರೆಬೇರೆ ಸರಕುಗಳೇ ಆಗಿದ್ದರೂ ಹುಡುಕಾಟದ ಫಲಿತಾಂಶಗಳಲ್ಲಿ ಎಷ್ಟೋ ಸಲ ಬೆರೆತೇ ಬರುವುದರಿಂದ, ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಲೇಬೇಕು.