ತುರ್ತು ಚಿಕಿತ್ಸಾ ಘಟಕದಿಂದ ಹೊರಡುವ ಮುನ್ನ ಡಿಸ್ಚಾರ್ಜ್ ಸಮ್ಮರಿಯನ್ನು ಓದಿ

ಮಾತ್ರೆ ನುಂಗಿದ್ದ ನನ್ನ ತಮ್ಮನನ್ನು ನಗರದ ಖಾಸಗಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ಘಟಕಕ್ಕೆ ಸೇರಿಸಿದಾಗ ಇಸಿಜಿ, ರಕ್ತಪರೀಕ್ಷೆ, ಡ್ರಿಪ್ ಎಲ್ಲವೂ ಸಕಾಲಕ್ಕೆ ನಡೆದವು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಏಕೆ ನುಂಗಿದೆ ಎಂದು ಅವನನ್ನು ಒಬ್ಬರೂ ಕೇಳಲಿಲ್ಲ. ಬಿಲ್ಲಿಂಗ್ ಸಿಬ್ಬಂದಿ ಮಾತ್ರ "ಮಾತ್ರೆ ಕೇಸಿನವರು ಯಾರು?" ಎಂದು ಎಲ್ಲರೆದುರು ಕೂಗಿದರು. ನನ್ನ ತಮ್ಮ ಗೋಡೆಯ ಕಡೆಗೆ ಮಗ್ಗುಲಾದ.

ಮನೋವೈದ್ಯರು ನೋಡುವವರೆಗೆ ಕಾಯುತ್ತೇವೆ ಎಂದರೆ, "ಅವರು ಸೋಮವಾರ ಓಪಿಡಿಗೆ ಬರುತ್ತಾರೆ, ರಿಪೋರ್ಟ್ ಎಲ್ಲ ನಾರ್ಮಲ್ ಇದೆ, ಕರೆದುಕೊಂಡು ಹೋಗಿ" ಎಂಬ ಉತ್ತರ ಬಂತು. ಮನೆಯಲ್ಲಿ ಸಮ್ಮರಿ ತೆರೆದಾಗ ನನ್ನ ಕೈ ನಡುಗಿತು. "ಮಾನಸಿಕ ಸ್ಥಿತಿಯನ್ನು ಪರೀಕ್ಷಿಸಲಾಗಿದೆ, ಆತ್ಮಹತ್ಯೆಯ ಆಲೋಚನೆಗಳಿಲ್ಲ" ಎಂದು ಅದರಲ್ಲಿ ಅಚ್ಚಾಗಿತ್ತು. ಬಿಲ್ಲಿನಲ್ಲಿ ಮನೋವೈದ್ಯರ ಶುಲ್ಕವೂ ಸೇರಿತ್ತು. ಯಾರು ಪರೀಕ್ಷಿಸಿದರು? ಯಾವಾಗ ಪರೀಕ್ಷಿಸಿದರು? ಯಾರೂ ಪರೀಕ್ಷಿಸಿರಲಿಲ್ಲ.

ಫೋನ್ ಮಾಡಿದರೆ, "ಅದು ಟೆಂಪ್ಲೇಟ್ ಸರ್, ಸಿಸ್ಟಮ್ಮಿನಲ್ಲಿ ತಾನಾಗಿ ಬರುತ್ತದೆ" ಎಂದರು. ಪಟ್ಟು ಬಿಡದಿದ್ದಾಗ, "ಹೆಚ್ಚು ಕೆದಕಿದರೆ ಪೊಲೀಸ್ ಕೇಸಾಗಿ ನಿಮ್ಮ ತಮ್ಮನಿಗೇ ತೊಂದರೆ" ಎಂದು ಹೆದರಿಸಿದರು. ಇದು ಶುದ್ಧ ಸುಳ್ಳು ಬೆದರಿಕೆ. ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಗುವುದು ಬೇರೆ, ಶಿಕ್ಷೆಯಾಗುವುದು ಬೇರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಅಂತಹ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಕಲಂ, ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮುಂದುವರಿದಿಲ್ಲ.

ಮರುದಿನ ಬೇರೆ ಕಡೆ ಮನೋವೈದ್ಯೆಯೊಬ್ಬರು ನಮ್ಮನ್ನು ಹೊರಗೆ ಕೂರಿಸಿ, ಅವನೊಬ್ಬನೊಡನೆ ಮಾತನಾಡಿದರು. ಸಾಯುವ ಯೋಚನೆ ಈಗಲೂ ಇದೆಯೇ ಎಂದು ನೇರವಾಗಿ ಕೇಳಿದರು (ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ). ಅವನು ಇದೆ ಎಂದ. ಉಳಿದ ಮಾತ್ರೆಗಳು ಮನೆಯಲ್ಲಿ ಎಲ್ಲಿವೆ ಎಂದು ನಮ್ಮನ್ನು ಕೇಳಿದ ಮೊದಲ ವೈದ್ಯರೂ ಅವರೇ.

ಆದ್ದರಿಂದ, ಪರೀಕ್ಷಿಸಿದವರ ಹೆಸರು ಮತ್ತು ಸಮಯ ಸಮ್ಮರಿಯಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಬೆಂಗಳೂರಿನವರಾದರೆ ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಶುಲ್ಕ ಹಿಂದಿರುಗಿಸುತ್ತೇವೆ ಎಂದು ಆಸ್ಪತ್ರೆಯವರು ಈಗ ಹೇಳುತ್ತಿದ್ದಾರೆ, ಆದರೆ ದಾಖಲೆಯನ್ನು ತಿದ್ದಲು ಒಪ್ಪುತ್ತಿಲ್ಲ. ಮುಂದೆ ಅವನನ್ನು ನೋಡುವ ವೈದ್ಯರು ಆ ಸಾಲನ್ನೇ ನಂಬುತ್ತಾರೆ. ಅದನ್ನು ತೆಗೆಯುವವರೆಗೆ ಆ ಹಣವನ್ನು ನಾನು ಮುಟ್ಟುವುದಿಲ್ಲ.